ಮಾಂಗಾ ಓದಲು ಇ-ರೀಡರ್: ಆರು ಇಂಚು ಸಾಕೇ, ಏಳು ಬೇಕೇ?

ಕೋಟೆಗುಡ್ಡ (ಬಳ್ಳಾರಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾಲೂ ಬಸ್ಸಿನಲ್ಲಿ ಓಡಾಡುವವನು. ಹೋಗಿಬರುವ ಹೊತ್ತನ್ನೆಲ್ಲ ಎರಡು ವರ್ಷಗಳಿಂದ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದುವುದಕ್ಕೇ ಮೀಸಲಿಟ್ಟಿದ್ದೇನೆ. ಇಲ್ಲಿಯವರೆಗೆ ಫೋನಿನಲ್ಲಿಯೇ ಓದುತ್ತ ಬಂದೆ. ಆದರೆ ನಮ್ಮ ಊರಿನ ಬಿಸಿಲಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ಪರದೆಯ ಮೇಲೆ ಚಿತ್ರದ ಬದಲು ನನ್ನ ಮುಖವೇ ಕಾಣುತ್ತದೆ. ನೆರಳಿನ ಸೀಟು ಸಿಕ್ಕರೂ ಪ್ರತಿ ಪುಟವನ್ನು ಬೆರಳಿನಿಂದ ಹಿಗ್ಗಿಸಿ, ಒಂದು ಮಾತಿನ ಗುಳ್ಳೆ ಓದಿ, ಸರಿಸಿ, ಇನ್ನೊಂದನ್ನು ಓದುವಷ್ಟರಲ್ಲಿ ಕಥೆಯ ಓಟವೇ ತಪ್ಪಿಹೋಗುತ್ತದೆ.

ಆದ್ದರಿಂದ ಬಿಸಿಲಿನಲ್ಲೂ ಕಾಗದದಂತೆ ಕಾಣುವ ಪರದೆಯ ಇ-ರೀಡರ್ (ಇ-ಪುಸ್ತಕ ಓದುವ ಯಂತ್ರ) ಒಂದನ್ನು ಕೊಳ್ಳಬೇಕೆಂದಿದ್ದೇನೆ. 20,000 ರೂಪಾಯಿ ದಾಟಬಾರದು. ಆರು ಇಂಚಿನದು ಸಾಕಾಗುವುದೋ, ಏಳು ಇಂಚಿನದೇ ಬೇಕೋ, ಬಣ್ಣದ ಪರದೆಗೆ ಹೆಚ್ಚು ಹಣ ಕೊಡುವುದು ಯೋಗ್ಯವೋ, 16 ಜಿಬಿ ಜಾಗ ಸಾಲುವುದೋ ಎಂಬುದನ್ನು ಬಳಸಿದವರು ತಿಳಿಸಬೇಕು. ಎಂಟನೆಯ ತರಗತಿಯ ಮಗಳೂ ಇದರಲ್ಲೇ ಓದುತ್ತಾಳೆ. ಜೊತೆಗೆ ಕನ್ನಡ ಪುಸ್ತಕಗಳನ್ನು ಓದಲು ಬಂದರೆ ಇನ್ನೂ ಸಂತೋಷ.

ಎರಡು ಹೊಳೆಯ ನಡುವೆ (ರಾಯಚೂರು) ಉತ್ತರಿಸಿದ್ದು:

ಕೋಟೆಗುಡ್ಡ ಅವರೇ, ಪರದೆಯ ಅಳತೆಯನ್ನು ಇಂಚಿನ ಲೆಕ್ಕದಲ್ಲಿ ಯೋಚಿಸಿದರೆ ಮೋಸ ಹೋಗುತ್ತೀರಿ, ಏಕೆಂದರೆ ಅದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಮಾಂಗಾ ಸಂಪುಟಗಳು ಬಹುಮಟ್ಟಿಗೆ 12.7 ಸೆಂ.ಮೀ. ಅಗಲ, 19 ಸೆಂ.ಮೀ. ಎತ್ತರ ಇರುತ್ತವೆ. ಆರು ಇಂಚಿನ ಪರದೆಯ ಎತ್ತರ 12.2 ಸೆಂ.ಮೀ., ಏಳು ಇಂಚಿನದು 14.2 ಸೆಂ.ಮೀ. ಅಂದರೆ ಮುದ್ರಿತ ಪುಟ ಮೊದಲನೆಯದರಲ್ಲಿ ಸುಮಾರು ಶೇ 64ಕ್ಕೆ ಕುಗ್ಗುತ್ತದೆ, ಎರಡನೆಯದರಲ್ಲಿ ಶೇ 75ಕ್ಕೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ ಎನಿಸಬಹುದು, ಆದರೆ ನಲವತ್ತು ದಾಟಿದ ಕಣ್ಣಿಗೆ ಮಾತಿನ ಗುಳ್ಳೆಯೊಳಗಿನ ಅಕ್ಷರ ಓದಲಾಗುವುದೋ ಇಲ್ಲವೋ ಎಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ. ನಾನು ಮೊದಲು ಕೊಂಡದ್ದು ಆರು ಇಂಚಿನದು. ಕಾದಂಬರಿಗೆ ಅದು ಚಿನ್ನದಂಥ ಯಂತ್ರ. ಮಾಂಗಾದಲ್ಲಿ ಸದ್ದು ಸೂಚಿಸುವ ಪುಟ್ಟ ಅಕ್ಷರಗಳ ಪಕ್ಕದಲ್ಲಿ ಇನ್ನೂ ಪುಟ್ಟದಾಗಿ ಬರೆದ ಅನುವಾದವನ್ನು ಓದಲು ತಡಕಾಡಿ ಸಾಕಾಯಿತು.

ಒಂದು ಉಪಾಯ ಹೇಳುತ್ತೇನೆ. ಮದುವೆ ಪತ್ರಿಕೆಯ ದಪ್ಪ ಕಾಗದದಲ್ಲಿ 10.7 ಸೆಂ.ಮೀ. ಅಗಲ, 14.2 ಸೆಂ.ಮೀ. ಎತ್ತರದ ತುಂಡೊಂದನ್ನು ಕತ್ತರಿಸಿ, ನಿಮ್ಮಲ್ಲಿರುವ ಸಂಪುಟದ ಪುಟದ ಮೇಲಿಟ್ಟು ನೋಡಿ. ಏಳು ಇಂಚಿನ ಪರದೆ ಅಷ್ಟೇ. ಇಡೀ ಪುಟ ಅದರೊಳಗೆ ಕೂರಬೇಕೆಂದು ಕಣ್ಮುಚ್ಚಿ ಊಹಿಸಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಎರಡು ಪುಟಕ್ಕೆ ಹಬ್ಬಿದ ಕಾಳಗದ ದೃಶ್ಯಗಳು ಮಾತ್ರ ಏಳು ಇಂಚಿನಲ್ಲಿಯೂ ಸೋಲುತ್ತವೆ. 10.3 ಇಂಚಿನ ಪರದೆಯನ್ನು ಅಡ್ಡ ಹಿಡಿದರೆ ಎರಡೂ ಪುಟ ಒಟ್ಟಿಗೆ ಶೇ 82ರಷ್ಟು ಅಳತೆಯಲ್ಲಿ ಕೂರುತ್ತವೆ. ಆದರೆ ಅದು ನಿಮ್ಮ ಹಣಕ್ಕೂ ಸಿಗದು, ಬಸ್ಸಿನಲ್ಲಿ ಒಂದೇ ಕೈಯಲ್ಲಿ ಹಿಡಿಯಲೂ ಆಗದು.

ಬಣ್ಣದ ವಿಷಯ: ಮಾಂಗಾ ಹೆಚ್ಚುಪಾಲು ಕಪ್ಪು-ಬಿಳುಪಿನ ಕಲೆ. ಬಣ್ಣದ ಇ-ಇಂಕ್ (ಇ-ರೀಡರ್‌ಗಳ ಕಾಗದದಂಥ) ಪರದೆಗಳು ಕಪ್ಪು-ಬಿಳುಪಿನಲ್ಲಿ ಇಂಚಿಗೆ 300 ಚುಕ್ಕೆ ತೋರಿಸಿದರೂ ಬಣ್ಣದಲ್ಲಿ 150ಕ್ಕೆ ಇಳಿಯುತ್ತವೆ. ಮೇಲಾಗಿ ಬಣ್ಣದ ಪದರವೊಂದು ಅಡ್ಡ ಬರುವುದರಿಂದ ಹಿನ್ನೆಲೆ ತುಸು ಮಂಕಾಗಿ ಕಾಣುತ್ತದೆ. ಬಣ್ಣದ ನಾಲ್ಕು ಪುಟಕ್ಕಾಗಿ ಉಳಿದ ಇನ್ನೂರು ಪುಟವನ್ನು ಮಂಕು ಮಾಡಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಗಂಗಾವತಿ ಅಕ್ಕಿ (ಕೊಪ್ಪಳ) ಉತ್ತರಿಸಿದ್ದು:

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಮಾಂಗಾ ಎಲ್ಲಿಂದ ಬರುತ್ತದೆ? ಶೋನೆನ್ ಜಂಪ್, ಮಾಂಗಾ ಪ್ಲಸ್‌ನಂತಹ ಆ್ಯಪ್‌ಗಳಲ್ಲಿ ವಾರವಾರದ ಅಧ್ಯಾಯ ಓದುವವರಿಗೆ ಅಮೆಜಾನ್‌ನ ಕಿಂಡಲ್ ಆಗಲಿ ಕೋಬೋ ಕಂಪನಿಯ ಇ-ರೀಡರ್ ಆಗಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅವುಗಳಲ್ಲಿ ಆ ಆ್ಯಪ್‌ಗಳನ್ನು ಹಾಕಿಕೊಳ್ಳಲಾಗದು. ಅವರಿಗೆ ಆಂಡ್ರಾಯ್ಡ್ ಇರುವ ಬೂಕ್ಸ್‌ನಂತಹ ಯಂತ್ರವೇ ಬೇಕು. ಕಿಂಡಲ್ ಅಂಗಡಿಯಲ್ಲಿ ಸಂಪುಟ ಕೊಳ್ಳುವವರಿಗೆ ಕಿಂಡಲ್ ಸಾಕು. ಮಾಂಗಾಕ್ಕೆ ಬೇಕಾದ, ಬಲದಿಂದ ಎಡಕ್ಕೆ ಪುಟ ತಿರುಗುವ ವ್ಯವಸ್ಥೆಯೂ ಅದರಲ್ಲಿ ತಾನಾಗಿಯೇ ಬರುತ್ತದೆ. ನಕಲು ತಡೆಯುವ ಬೀಗವಿಲ್ಲದ ಸಿಬಿಜೆಡ್ ಕಡತಗಳನ್ನು (ಪುಟಗಳ ಚಿತ್ರಗಳನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿದವು) ಕೊಂಡು ಕೂಡಿಟ್ಟಿರುವವರಿಗೆ ಕೋಬೋ ಹಿತ, ಅದು ಆ ಕಡತಗಳನ್ನು ನೇರವಾಗಿ ತೆರೆಯುತ್ತದೆ. ನನ್ನ ಕೋಬೋವನ್ನು ಹೊರದೇಶದಿಂದ ಬಂದ ನೆಂಟರ ಕೈಯಲ್ಲಿ ತರಿಸಿಕೊಂಡೆ, ಕೆಟ್ಟರೆ ಏನು ಗತಿ ಎಂಬ ಅಳುಕು ಇನ್ನೂ ಇದೆ.

ಕೋಟೆಗುಡ್ಡ (ಬಳ್ಳಾರಿ):

ಇಬ್ಬರಿಗೂ ಧನ್ಯವಾದ. ನನ್ನ ಸಂಪುಟಗಳಲ್ಲಿ ಮುಕ್ಕಾಲು ಪಾಲು ಕಿಂಡಲ್ ಅಂಗಡಿಯವು, ಉಳಿದವು ಸಿಬಿಜೆಡ್. ಆ್ಯಪ್ ಬಳಸುವವಳು ಮಗಳು. ಹಾಗಾದರೆ ಆ ಉಳಿದ ಕಾಲು ಭಾಗವನ್ನು ಕಿಂಡಲ್‌ಗೆ ತುಂಬುವುದು ಹೇಗೆ?

ಸುಡುಬಿಸಿಲು (ರಾಯಚೂರು) ಉತ್ತರಿಸಿದ್ದು:

ಸರ್, ಇದನ್ನು ನಾನು ಪ್ರತಿ ಭಾನುವಾರ ಮಾಡುತ್ತೇನೆ. ಕಿಂಡಲ್ ಕಾಮಿಕ್ ಕನ್ವರ್ಟರ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ನಿಮ್ಮ ಯಂತ್ರದ ಮಾದರಿಯನ್ನು ಆರಿಸಿ, ಮಾಂಗಾ ಎಂಬ ಆಯ್ಕೆಗೆ ಗುರುತು ಹಾಕಿ, ಸಿಬಿಜೆಡ್ ಕಡತವನ್ನು ಎಳೆದು ಬಿಟ್ಟರಾಯಿತು. ಪುಟದ ಸುತ್ತಲಿನ ಖಾಲಿ ಅಂಚನ್ನು ಅದು ಕತ್ತರಿಸುತ್ತದೆ, ಹೀಗಾಗಿ ಚಿತ್ರ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಆರು ಇಂಚು ಇಟ್ಟುಕೊಂಡವರಿಗೆ ಇದೊಂದೇ ಸಮಾಧಾನ.

ಮಾದರಿಯನ್ನು ಸರಿಯಾಗಿ ಆರಿಸುವುದು ಏಕೆ ಮುಖ್ಯವೆಂದರೆ, ಮಾಂಗಾ ಕಲಾವಿದರು ನೆರಳು, ಆಕಾಶ, ಬಟ್ಟೆಯ ಬೂದು ಬಣ್ಣವನ್ನೆಲ್ಲ ಸಣ್ಣ ಚುಕ್ಕೆಗಳ ಜಾಲದಿಂದ ತುಂಬಿರುತ್ತಾರೆ. ದೊಡ್ಡ ಚಿತ್ರವನ್ನು ಯಂತ್ರವೇ ಹೇಗೋ ಕುಗ್ಗಿಸಿದಾಗ ಆ ಚುಕ್ಕೆಗಳು ಪರದೆಯ ಚುಕ್ಕೆಗಳೊಂದಿಗೆ ಹೊಂದದೆ, ಇಳಕಲ್ ಸೀರೆಯನ್ನು ಟಿವಿಯಲ್ಲಿ ನೋಡಿದಾಗ ಅಲೆ ಏಳುವಂತೆ, ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಏಳು ಇಂಚಿನ ಪರದೆಯ 1264×1680 ಅಳತೆಗೆ ಮೊದಲೇ ಹೊಂದಿಸಿಕೊಂಡರೆ ಆ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಅದಾದ ಮೇಲೆ ಯುಎಸ್‌ಬಿ ಕೇಬಲ್‌ನಿಂದ ತುಂಬಿಸಿ. ಅಂತರ್ಜಾಲದ ಮೂಲಕ ಕಳಿಸುವ ದಾರಿಯಲ್ಲಿ ಕಡತ 200 ಎಂಬಿ ಮೀರುವಂತಿಲ್ಲ. ಕಿಂಡಲ್ ಅಂಗಡಿಯಲ್ಲಿ ಕೊಂಡ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ಲಿನಿಂದ ಹಾಕುವ ಸೌಲಭ್ಯವನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ, ಆದರೆ ನಮ್ಮದೇ ಕಡತಗಳಿಗೆ ಅಡ್ಡಿಯಿಲ್ಲ.

ಜಾಗದ ಚಿಂತೆ ಬೇಡ. ನನ್ನಲ್ಲಿರುವ ಸಂಪುಟಗಳು ಒಂದೊಂದೂ 50ರಿಂದ 100 ಎಂಬಿ ಇವೆ. 16 ಜಿಬಿಯಲ್ಲಿ ನೂರಕ್ಕೂ ಹೆಚ್ಚು ಹಿಡಿಯುತ್ತವೆ.

ಹಿಂದಿನ ಪುಟದ ಕಪ್ಪು ತಲೆಗೂದಲು ಮುಂದಿನ ಪುಟದ ಬಿಳಿ ಆಕಾಶದಲ್ಲಿ ದೆವ್ವದಂತೆ ಮಸುಕಾಗಿ ಉಳಿದರೆ ಹೆದರಬೇಡಿ. ಸೆಟ್ಟಿಂಗ್ಸ್‌ನಲ್ಲಿ ಪೇಜ್ ರಿಫ್ರೆಶ್ ಎಂಬುದನ್ನು ಹಚ್ಚಿಡಿ. ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಅಷ್ಟೇ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕಿಂಡಲ್ ಬಳಸಬೇಕಾದ ಉಷ್ಣಾಂಶ 0ಯಿಂದ 35 ಡಿಗ್ರಿ ಎಂದು ಅದರ ವಿವರದಲ್ಲಿಯೇ ಇದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯ ನಡುಮನೆಯೇ ಅದನ್ನು ದಾಟಿರುತ್ತದೆ. ಬಿಸಿಲಿನಲ್ಲಿ ಓದಬಹುದು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬಾರದು. ನನ್ನ ಹಳೆಯ ಯಂತ್ರ ಸತ್ತದ್ದು ಮಾತ್ರ ಬಿಸಿಲಿನಿಂದಲ್ಲ. ತುಂಬಿದ ಬಸ್ಸಿನಲ್ಲಿ ಚೀಲದೊಳಗೆ ಊಟದ ಡಬ್ಬಿಗೆ ಒತ್ತಿಕೊಂಡು, ಹೊರಗಾಜಿಗೆ ಗೀರೂ ಬೀಳದೆ ಒಳಗಿನ ಪರದೆ ಒಡೆದಿತ್ತು. ಮರುದಿನ ತೆರೆದಾಗ ನಾಯಕನ ಅರ್ಧ ಮುಖ ಇತ್ತು, ಉಳಿದರ್ಧದಲ್ಲಿ ಗೆರೆಗಳಿದ್ದವು. ಗಟ್ಟಿ ರಟ್ಟಿನ ಕವಚವನ್ನು ಯಂತ್ರದ ಜೊತೆಗೇ ಕೊಳ್ಳಿ.

ಕನ್ನಡದ ವಿಷಯದಲ್ಲಿ ನಿರಾಸೆಯೇ. 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು, ಆ ಪಟ್ಟಿಯಲ್ಲಿ ನಮ್ಮ ಭಾಷೆ ಇರಲಿಲ್ಲ. ಮೈಲ್ಯಾಂಗ್‌ನಂತಹ ಕನ್ನಡದ ಆ್ಯಪ್ ಬೇಕೆಂದರೆ ಮತ್ತೆ ಆಂಡ್ರಾಯ್ಡ್ ಯಂತ್ರದ ಕಡೆಗೇ ಹೋಗಬೇಕು.

ಕೋಟೆಗುಡ್ಡ (ಬಳ್ಳಾರಿ):

ರಾತ್ರಿ ಊಟವಾದ ಮೇಲೆ ಮಗಳೇ ರಟ್ಟು ಕತ್ತರಿಸಿಕೊಟ್ಟಳು, ಆರರದ್ದೊಂದು, ಏಳರದ್ದೊಂದು. ಅದೇ ಅಳತೆಗೆ ಎರಡು ಪುಟಗಳನ್ನು ಕುಗ್ಗಿಸಿ ಜೆರಾಕ್ಸ್ ಮಾಡಿಸಿ ಅಂಟಿಸಿ ನೋಡಿದೆವು. ಆರರದ್ದರಲ್ಲಿ ಅವಳು ಎಲ್ಲವನ್ನೂ ಓದಿದಳು, ನಾನು ಕನ್ನಡಕ ಹುಡುಕಿದೆ. ಏಳು ಇಂಚಿನ ಕಪ್ಪು-ಬಿಳುಪಿನ ಕಿಂಡಲ್ ಪೇಪರ್‌ವೈಟ್ ಎಂದು ನಿರ್ಧರಿಸಿದೆ. 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ಅದರ ಬೆಲೆ 16,999 ರೂಪಾಯಿ ಇತ್ತು, ಕವಚ ಸೇರಿದರೂ ಲೆಕ್ಕದೊಳಗೆ ಬರುವುದೆಂಬ ನಂಬಿಕೆಯಿದೆ. ಮಗಳ ವಾರದ ಅಧ್ಯಾಯಗಳು ಮನೆಯ ಹಳೆಯ ಟ್ಯಾಬ್ಲೆಟ್‌ನಲ್ಲಿಯೇ ಮುಂದುವರಿಯುತ್ತವೆ, ಕನ್ನಡ ಪುಸ್ತಕಗಳು ಕಾಗದದಲ್ಲಿ. ಊಟದ ಡಬ್ಬಿಗೆ ನಾಳೆಯಿಂದ ಬೇರೆ ಚೀಲ.