ಕಂಪ್ಯೂಟರಿನಲ್ಲಿರುವ ವಂಶವೃಕ್ಷವನ್ನು ಆನ್‌ಲೈನ್ ಮರದೊಂದಿಗೆ ಸಿಂಕ್ ಮಾಡಿದವರು ದಯವಿಟ್ಟು ಅನುಭವ ಹೇಳಿ

ಆಲದ ನೆರಳು:
ಹನ್ನೊಂದು ವರ್ಷಗಳಿಂದ ನಮ್ಮ ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾ ಬಂದಿದ್ದೇನೆ. 1,140 ಜನ, ಸುಮಾರು 2,300 ಚಿತ್ರಗಳು. ಅಣ್ಣನ ಮಗಳು ದೂರದಲ್ಲಿದ್ದಾಳೆ. ತಾನೂ ನೋಡಬೇಕು, ತನಗೆ ಗೊತ್ತಿರುವುದನ್ನು ಸೇರಿಸಬೇಕು ಎನ್ನುತ್ತಿದ್ದಾಳೆ. ನನ್ನ ತಂತ್ರಾಂಶದಲ್ಲಿ ‘ಆನ್‌ಲೈನ್ ಮರದೊಂದಿಗೆ ಸಿಂಕ್’ ಎಂಬ ಗುಂಡಿ ಇದೆ, ಎರಡೂ ಕಡೆಯ ಬದಲಾವಣೆಗಳನ್ನು ಸರಿಹೊಂದಿಸುವಂಥದು. ಒತ್ತಲು ಧೈರ್ಯ ಸಾಲುತ್ತಿಲ್ಲ. ಅಮ್ಮ ಇನ್ನೂ ಇದ್ದಾರೆ. ತಮ್ಮ ಜನ್ಮದಿನಾಂಕ ಹೊರಗಿನವರ ಕಣ್ಣಿಗೆ ಬೀಳಬಾರದು ಎಂದಿದ್ದಾರೆ. ಚಿತ್ರಗಳು ಸರಿಯಾಗಿ ಹೋಗುತ್ತವೆಯೇ? ಸಿಂಕ್ ಮಾಡಲೇ, ಅಥವಾ ಒಂದು ಪ್ರತಿಯನ್ನಷ್ಟೇ ಮೇಲೆ ಹಾಕಲೇ?

ದಾಖಲೆ ಮೊದಲು:
ಒತ್ತಬೇಡಿ. ನಾನು ಒತ್ತಿದೆ.

ನನ್ನ ಮರದಲ್ಲಿ 4,216 ಜನ. ಎರಡು ವರ್ಷ ಎರಡೂ ಕಡೆಯ ಸಿಂಕ್ ಚೆನ್ನಾಗಿಯೇ ನಡೆಯಿತು. ಮೂರನೆಯ ವರ್ಷ ಒಂದು ರಾತ್ರಿ ಸಿಂಕ್ ಅರ್ಧಕ್ಕೆ ಬಂದಾಗ ನೆಟ್ ಹೋಯಿತು. ಮರುದಿನ ಬೆಳಗ್ಗೆ ಮತ್ತೆ ಒತ್ತಿದೆ. ಹಿಂದಿನ ರಾತ್ರಿ ಮೇಲೆ ಹೋಗಿದ್ದವರೆಲ್ಲ ಹೊಸಬರೆಂದು ಇನ್ನೊಮ್ಮೆ ಹೋದರು. ಆಮೇಲೆ ಅದೇ ನಕಲುಗಳು ನನ್ನ ಕಂಪ್ಯೂಟರಿಗೂ ಇಳಿದವು. ಒಟ್ಟು 611 ಜೋಡಿ. ಒಬ್ಬ ತಾಯಿಗೆ ಒಂದೇ ದಿನ ಹುಟ್ಟಿದ, ಒಂದೇ ಹೆಸರಿನ ಇಬ್ಬರು ಮಕ್ಕಳು. ಬ್ಯಾಕಪ್ ಇತ್ತು, ಆದರೆ ತಂತ್ರಾಂಶವನ್ನು ಮುಚ್ಚಿದಾಗಲೆಲ್ಲ ಹಳೆಯದರ ಮೇಲೆಯೇ ಬರೆಯುವಂತೆ ಇಟ್ಟಿದ್ದೆ. ಕೆಟ್ಟ ಕಡತವೇ ಬ್ಯಾಕಪ್ ಆಗಿ ಕುಳಿತಿತ್ತು.

ಹದಿನಾಲ್ಕು ವಾರ, ದಿನಕ್ಕೆ ಎರಡು ಗಂಟೆ. 196 ಗಂಟೆ. ಒಂದು ಜೋಡಿಗೆ ಸರಾಸರಿ 19 ನಿಮಿಷ. ಇಷ್ಟೇಕೆ ಎಂದರೆ, ವಿಲೀನ ಮಾಡುವುದು ಒಂದು ಕ್ಲಿಕ್ಕಿನ ಕೆಲಸ. ಆಧಾರಗಳನ್ನು ಸರಿಪಡಿಸುವುದು ಹಾಗಲ್ಲ. ಒಂದು ಜನನ ದಾಖಲೆ ಮೂರು ಕಡೆ ಅಂಟಿಕೊಂಡಿತ್ತು, ಒಂದರಲ್ಲಿ ಪುಟಸಂಖ್ಯೆ ಇದೆ, ಇನ್ನೊಂದರಲ್ಲಿ ಇಲ್ಲ, ಮೂರನೆಯದರಲ್ಲಿ ನನ್ನ ಟಿಪ್ಪಣಿ ಅರ್ಧ ಇದೆ. ಯಾವುದನ್ನು ಉಳಿಸಬೇಕೆಂದು ಪ್ರತಿ ಸಲವೂ ಮೂಲ ಪ್ರತಿಯನ್ನು ತೆರೆದು ನೋಡಬೇಕಾಯಿತು. ಆ ಚಳಿಗಾಲದಲ್ಲಿ ಒಂದು ಹೊಸ ಹೆಸರನ್ನೂ ಹುಡುಕಲಾಗಲಿಲ್ಲ. ಈಗ ನನ್ನ ಮರ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇದೆ.

ಮೊಮ್ಮಗಳು:
ಮರವನ್ನು ಹೀಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮುತ್ತಜ್ಜ ನಿಮ್ಮೊಬ್ಬರಿಗೇ ಮುತ್ತಜ್ಜನಲ್ಲ. ಫ್ಯಾಮಿಲಿಸರ್ಚ್, ವಿಕಿಟ್ರೀ, ಜೆನಿ ಈ ಜಾಲತಾಣಗಳೆಲ್ಲ ನಿಂತಿರುವುದೇ ಆ ತತ್ತ್ವದ ಮೇಲೆ: ಬಾಳಿದ ಒಬ್ಬೊಬ್ಬರಿಗೂ ಒಂದೇ ಪುಟ, ಎಲ್ಲ ವಂಶಸ್ಥರೂ ಸೇರಿ ಅದನ್ನು ತಿದ್ದುವುದು.

ಆರು ವರ್ಷ ನಾನು ಮುತ್ತಜ್ಜಿಯ ತಂದೆಯ ಹೆಸರಿಗೇ ನಿಂತುಬಿಟ್ಟಿದ್ದೆ. ಹಂಚಿಕೆಯ ಮರಕ್ಕೆ ಹಾಕಿದ ಮೂರನೆಯ ವಾರದಲ್ಲಿ, ನಾನು ಕಂಡರಿಯದ ಒಬ್ಬ ಮಹಿಳೆ ಮುತ್ತಜ್ಜಿಯ ಪುಟಕ್ಕೆ ಒಂದು ಪತ್ರದ ಚಿತ್ರವನ್ನು ಸೇರಿಸಿದರು. ಮುತ್ತಜ್ಜಿಯೇ ತನ್ನ ತಂಗಿಗೆ ಬರೆದ ಪತ್ರ. ಅದರಲ್ಲಿ ಅಪ್ಪನ ಹೆಸರಿತ್ತು. ಆ ತಂಗಿಯ ಕಡೆಯಿಂದ ಒಂದೇ ರಾತ್ರಿ 47 ಹೆಸರುಗಳು ಸಿಕ್ಕವು. ನಾನು ಅತ್ತೆ.

ತೊಂದರೆ ಆಗಲಿಲ್ಲವೆಂದು ಹೇಳುವುದಿಲ್ಲ. ಮರುವರ್ಷ ಯಾರೋ ನನ್ನ ಮುತ್ತಜ್ಜನನ್ನು ಅವರಿಗಿಂತ ಎಂಟು ವರ್ಷ ಕಿರಿಯನಾದ, ಅದೇ ಹೆಸರಿನ ಬೇರೊಬ್ಬನೊಂದಿಗೆ ವಿಲೀನ ಮಾಡಿಬಿಟ್ಟರು. ಇಬ್ಬರು ಹೆಂಡತಿಯರು, ಹನ್ನೆರಡು ಮಕ್ಕಳು, ಎರಡು ಸಾವಿನ ದಿನಾಂಕ. ಬದಲಾವಣೆಗಳ ಇತಿಹಾಸ ಉಳಿದಿದ್ದರಿಂದ ಒಂದೊಂದಾಗಿ ಹಿಂದಕ್ಕೆ ತಂದೆ. ಒಂಬತ್ತು ದಿನ ಹಿಡಿಯಿತು. ಈಗ 63 ಪುಟಗಳ ಮೇಲೆ ಕಣ್ಣಿಟ್ಟಿದ್ದೇನೆ, ಯಾರು ಏನು ಮುಟ್ಟಿದರೂ ನನಗೆ ಮಿಂಚಂಚೆ ಬರುತ್ತದೆ. ಹೊಲಕ್ಕೆ ದನ ನುಗ್ಗಿತೆಂದು ಯಾರೂ ಬಿತ್ತನೆ ನಿಲ್ಲಿಸುವುದಿಲ್ಲ.

ದಾಖಲೆ ಮೊದಲು:
ಒಂದೇ ರಾತ್ರಿ 47 ಹೆಸರು! ಅವುಗಳಲ್ಲಿ ಎಷ್ಟಕ್ಕೆ ದಾಖಲೆ ನೋಡಿದಿರಿ? ಈ ಹಂಚಿಕೆಯ ಮರಗಳು ಕೆಡುವುದೇ ಹೀಗೆ. ಒಬ್ಬರು ಊಹಿಸುತ್ತಾರೆ, ಹತ್ತು ಮಂದಿ ನಕಲು ಮಾಡುತ್ತಾರೆ, ಆಮೇಲೆ ಹತ್ತು ಮರಗಳಲ್ಲಿ ಇದೆಯಲ್ಲ ಎಂದು ಅದನ್ನೇ ಆಧಾರವೆನ್ನುತ್ತಾರೆ.

ಮೊಮ್ಮಗಳು:
ಕೇಳಿ ತಿಳಿದುಕೊಳ್ಳುವ ಮೊದಲೇ ತೀರ್ಪು ಕೊಡಬೇಡಿ. 47 ಹೆಸರನ್ನೂ ಐದು ತಿಂಗಳು ಕೂತು ಪರಿಶೀಲಿಸಿದೆ. 41 ನಿಂತವು, ಆರನ್ನು ತೆಗೆದುಹಾಕಿದೆ, ಏಕೆ ತೆಗೆದೆನೆಂದು ಆಯಾ ಪುಟದಲ್ಲೇ ಬರೆದಿದ್ದೇನೆ. ನಿಮ್ಮ 4,216 ಜನರಲ್ಲಿ ಯಾರೊಬ್ಬರ ವಿಷಯದಲ್ಲಿ ನೀವು ತಪ್ಪಿದ್ದರೂ ಅದನ್ನು ಹೇಳುವವರು ಯಾರೂ ಇಲ್ಲ.

ಸ್ವಂತ ಸರ್ವರ್:
ಇಬ್ಬರೂ ಬೇರೆಯವರ ಮನೆಯಲ್ಲಿ ಬಾಡಿಗೆಗಿರುವ ಕಷ್ಟವನ್ನೇ ಹೇಳುತ್ತಿದ್ದೀರಿ. ನಾನು ನನ್ನ ಸರ್ವರಿನಲ್ಲಿ ವೆಬ್‌ಟ್ರೀಸ್ ಹಾಕಿಕೊಂಡಿದ್ದೇನೆ. ಮರವನ್ನು ಜಾಲದಲ್ಲಿ ತೋರಿಸುವ ಉಚಿತ, ಮುಕ್ತ ತಂತ್ರಾಂಶ. ಬದುಕಿರುವವರ ವಿವರ ಹೊರಗಿನವರಿಗೆ ಕಾಣದು. ಬಂಧುಗಳು ತಿದ್ದಿದ್ದು ನಾನು ಒಪ್ಪುವವರೆಗೆ ಕಾದಿರುತ್ತದೆ.

ಆದರೆ ಅಲ್ಲಿಗೆ ತಲುಪಲು ಪಟ್ಟ ಪಾಡನ್ನು ಹೇಳಲೇಬೇಕು. ನನ್ನ ಮರದಲ್ಲಿ ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿವೆ, 1,870 ಜನ. ಹಳೆಯ ತಂತ್ರಾಂಶದಿಂದ ಜೆಡ್‌ಕಾಮ್ (ಒಂದು ತಂತ್ರಾಂಶದ ವಂಶವೃಕ್ಷವನ್ನು ಇನ್ನೊಂದಕ್ಕೆ ಒಯ್ಯುವ ಸಾಮಾನ್ಯ ಪಠ್ಯ ರೂಪ) ಕಡತ ತೆಗೆಯುವಾಗ ಅಕ್ಷರ ಸಂಕೇತದ ಆಯ್ಕೆ, ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಹಿಡಿಯುವ ಯುಟಿಎಫ್-8 ಆಗಿರಲಿಲ್ಲ, ನಾನು ಗಮನಿಸಲಿಲ್ಲ. ಸರ್ವರಿನಲ್ಲಿ ಎಲ್ಲ ಹೆಸರುಗಳೂ ಪ್ರಶ್ನಾರ್ಥಕ ಚಿಹ್ನೆಗಳಾದವು. ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದ್ದವಲ್ಲ, ಆದ್ದರಿಂದ ನಾಲ್ಕು ತಿಂಗಳು ನನಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ಚಿಕ್ಕಪ್ಪನ ಮಕ್ಕಳು ಪ್ರಶ್ನಾರ್ಥಕಗಳ ಜಾಗದಲ್ಲಿ ತಮಗೆ ತೋಚಿದ ಹೆಸರುಗಳನ್ನು ತುಂಬಿದ್ದರು. 230 ಹೆಸರು. ಅವರು ಪ್ರೀತಿಯಿಂದ ಮಾಡಿದ ಕೆಲಸ. ಅಳಿಸುವಾಗ ನನಗೆ ಸಂಕಟವಾಯಿತು.

ಎರಡನೆಯ ಏಟು ಟಿಪ್ಪಣಿಗಳಲ್ಲಿ. ಜೆಡ್‌ಕಾಮಿನ ಹಳೆಯ ಆವೃತ್ತಿಯಲ್ಲಿ ಒಂದು ಸಾಲು 255 ಅಕ್ಷರ ಮೀರುವಂತಿಲ್ಲ. ಉದ್ದ ಟಿಪ್ಪಣಿಯನ್ನು ಕತ್ತರಿಸಿ ‘ಕಾಂಕ್’ ಎಂಬ ಗುರುತಿನ ಸಾಲುಗಳಲ್ಲಿ ಮುಂದುವರಿಸಬೇಕು. ನನ್ನ ತಂತ್ರಾಂಶ ಅಕ್ಷರ ಎಣಿಸುವ ಬದಲು ಬೈಟ್ (ಕಂಪ್ಯೂಟರ್ ಅಕ್ಷರವನ್ನು ಕೂಡಿಡುವ ಚಿಕ್ಕ ಘಟಕ) ಎಣಿಸಿ ಕತ್ತರಿಸುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಕತ್ತರಿ ಅಕ್ಷರದ ನಡುವೆಯೇ ಬಿತ್ತು. ಅಜ್ಜ ಹೇಳಿ ಬರೆಸಿದ ನೆನಪುಗಳಲ್ಲಿ ಪ್ರತಿ ಕೆಲವು ಸಾಲಿಗೊಂದು ಒಡೆದ ಅಕ್ಷರ. 38 ಗಂಟೆ ಕೂತು ಕೈಯಿಂದ ತಿದ್ದಿದೆ. 2021ರಲ್ಲಿ ಬಂದ 7.0 ಆವೃತ್ತಿ ಈ ಸಾಲಿನ ಮಿತಿಯನ್ನೂ ಕಾಂಕನ್ನೂ ತೆಗೆದುಹಾಕಿ ಯುಟಿಎಫ್-8 ಒಂದನ್ನೇ ಒಪ್ಪುತ್ತದೆ. ಅದಕ್ಕೆ ಹಿಂದಿನ 5.5.1 ಆವೃತ್ತಿ 1999ರಿಂದ 2019ರವರೆಗೆ ಕರಡಾಗಿಯೇ ಉಳಿದಿತ್ತು. ಇಪ್ಪತ್ತು ವರ್ಷ! ಒಂದೊಂದು ತಂತ್ರಾಂಶವೂ ಅದನ್ನು ತನಗೆ ತಿಳಿದಂತೆ ಓದಿಕೊಂಡಿತು. ನಮ್ಮೆಲ್ಲರ ಕಷ್ಟದ ಬೇರು ಅಲ್ಲಿದೆ.

ಹಳೆಯ ಕೊಂಡಿ:
ಬೇರು ಅಲ್ಲಿಲ್ಲ. ಸಿಂಕ್ ಎಂದರೆ ತಂತ್ರಾಂಶದವರಿಗೂ ಜಾಲತಾಣದವರಿಗೂ ಇರುವ ಒಪ್ಪಂದ. ಒಪ್ಪಂದ ಇರುವವರೆಗೆ ಗುಂಡಿ ಕೆಲಸ ಮಾಡುತ್ತದೆ. ಫ್ಯಾಮಿಲಿ ಟ್ರೀ ಮೇಕರ್ ಎಂಬ ವಂಶವೃಕ್ಷ ತಂತ್ರಾಂಶದ ಮಾರಾಟ ನಿಲ್ಲಿಸುವುದಾಗಿ ಅದರ ಒಡೆಯರಾದ ಆನ್ಸೆಸ್ಟ್ರಿ ಜಾಲತಾಣದವರು ಪ್ರಕಟಿಸಿದ್ದು 2015ರ ಡಿಸೆಂಬರಿನಲ್ಲಿ. 2016ರಲ್ಲಿ ಸಾಫ್ಟ್‌ವೇರ್ ಮ್ಯಾಕ್‌ಕೀವ್ ಎಂಬ ಕಂಪನಿ ಅದನ್ನು ಕೊಂಡಿತು. 2017ರಲ್ಲಿ ಅದರ ಸಿಂಕ್ ವ್ಯವಸ್ಥೆ ಟ್ರೀಸಿಂಕ್ ನಿಂತು, ಅದರ ಜಾಗಕ್ಕೆ ಫ್ಯಾಮಿಲಿಸಿಂಕ್ ಬಂತು. ಅದೇ ವರ್ಷ ರೂಟ್ಸ್‌ಮ್ಯಾಜಿಕ್ ಎಂಬ ಇನ್ನೊಂದು ತಂತ್ರಾಂಶ, ಆನ್ಸೆಸ್ಟ್ರಿ ಮರದೊಂದಿಗೆ ಸಿಂಕ್ ಮಾಡುವ ತನ್ನ ಟ್ರೀಶೇರ್ ತಂದಿತು.

ಅಂಥದೇ ಒಂದು ಬದಲಾವಣೆಯ ಕಾಲದಲ್ಲಿ ನಾನು ಆರು ತಿಂಗಳು ಸಿಂಕ್ ಮುಟ್ಟದೆ, ಮಾಡಿದ ತಿದ್ದುಪಡಿಗಳನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಟ್ಟೆ. 388 ತಿದ್ದುಪಡಿ. ಹೊಸ ವ್ಯವಸ್ಥೆ ಬಂದ ಮೇಲೆ ಅವನ್ನು ತುಂಬಲು 31 ಗಂಟೆ. ಒಂದೂ ತಪ್ಪಲಿಲ್ಲ. ಆ ನೋಟುಪುಸ್ತಕ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಸ್ವಂತ ಸರ್ವರಿನವರೇ, ನಿಮ್ಮ ಸರ್ವರ್ ಇರುವುದೂ ಬಾಡಿಗೆ ಜಾಗದಲ್ಲೇ ಅಲ್ಲವೇ?

ಸ್ವಂತ ಸರ್ವರ್:
ಹೌದು, ಬಾಡಿಗೆಯದೇ. ನಾನು ಆಸ್ಪತ್ರೆಯಲ್ಲಿದ್ದಾಗ ವಾಯಿದೆ ಮುಗಿದು ಅವರು ಎಲ್ಲವನ್ನೂ ಅಳಿಸಿದರು. ಕೊನೆಯ ಪ್ರತಿ ತೆಗೆದು ಐದು ವಾರವಾಗಿತ್ತು, ಆ ಐದು ವಾರದ ಕೆಲಸ ಹೋಯಿತು. ಅದನ್ನು ಚುಚ್ಚಿ ಕೇಳುವ ಅಗತ್ಯವಿರಲಿಲ್ಲ. ಹನ್ನೊಂದು ವರ್ಷದ ಕೆಲಸ ಉಳಿಯಿತಲ್ಲ, ಅದು ಜೆಡ್‌ಕಾಮ್ ಪ್ರತಿ ನನ್ನ ಕೈಯಲ್ಲಿದ್ದುದರಿಂದ.

ತಂಗಿ:
ನೀವೆಲ್ಲ ಕಡತದ ಮಾತಾಡುತ್ತಿದ್ದೀರಿ. ಪ್ರಶ್ನೆ ಕೇಳಿದವರು ತಮ್ಮ ಅಮ್ಮನ ಮಾತನ್ನೂ ಹೇಳಿದ್ದಾರೆ, ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ನನ್ನ ಅಣ್ಣನನ್ನು ಅಪ್ಪ ಅಮ್ಮ ದತ್ತು ತೆಗೆದುಕೊಂಡಿದ್ದರು. ಅವನಿಗೆ ತಿಳಿದಿರಲಿಲ್ಲ. ಅಮ್ಮ ತೀರಿಕೊಳ್ಳುವ ಮೊದಲು ನನಗೆ ಹೇಳಿದರು. ನಾನು ಅದನ್ನು ಮರದಲ್ಲಿ ಬರೆದಿಟ್ಟೆ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಟಿಪ್ಪಣಿಗೆ ‘ಖಾಸಗಿ’ ಎಂಬ ಗುರುತು ಹಾಕಿದೆ. ಆದರೆ ಮಗುವಿಗೂ ತಂದೆತಾಯಿಗೂ ನಡುವಿನ ಸಂಬಂಧದ ಬಗೆ ಎಂಬ ಇನ್ನೊಂದು ಜಾಗವಿದೆ, ಅಲ್ಲಿ ‘ದತ್ತು’ ಎಂದಿತ್ತು. ಆ ಗುರುತು ಅದನ್ನು ಮುಚ್ಚುವುದಿಲ್ಲ. ಬದುಕಿರುವವರನ್ನು ಹೊರಗಿನವರಿಂದ ಮರೆಮಾಡುವ ವ್ಯವಸ್ಥೆ ಇತ್ತು ನಿಜ. ಆದರೆ ನಾನೇ ಆಹ್ವಾನಿಸಿದ ಬಂಧುಗಳು ಹೊರಗಿನವರಲ್ಲವಲ್ಲ. ಸಿಂಕ್ ಆದ ಮೂರನೆಯ ದಿನ ದೊಡ್ಡಪ್ಪನ ಮೊಮ್ಮಗ ಅದನ್ನು ನೋಡಿ ಅಣ್ಣನಿಗೇ ಕರೆಮಾಡಿ ಕೇಳಿದ. ಅಣ್ಣನಿಗೆ ಆಗ 52 ವರ್ಷ.

ಅಂದೇ ರಾತ್ರಿ ಮರವನ್ನು ಅಳಿಸಿದೆ. ಹದಿನಾಲ್ಕು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ.

ದಾಖಲೆ ಮೊದಲು:
ನೋವಿನ ವಿಷಯ. ಆದರೂ ಇದು ಸಿಂಕ್ ಮಾಡಿದ ತಪ್ಪಲ್ಲ. 52 ವರ್ಷದ ಮನುಷ್ಯನಿಗೆ ಮನೆಯವರು ಹೇಳಬೇಕಿತ್ತು.

ಮೊಮ್ಮಗಳು:
ನಿಮ್ಮ 611 ಜೋಡಿ ನಕಲುಗಳನ್ನು ಹೇಳಿಕೊಂಡಾಗ ನಾವು ಯಾರಾದರೂ ‘ಬ್ಯಾಕಪ್ ಸರಿಯಾಗಿ ಇಡಬೇಕಿತ್ತು’ ಎಂದೆವೇ? ಅಣ್ಣನನ್ನು ಕಳೆದುಕೊಂಡವರ ಮುಂದೆ ಇದನ್ನು ಹೇಳಲು ನಿಮಗೆ ನಾಲಿಗೆ ಹೇಗೆ ಬಂತು?

ದಾಖಲೆ ಮೊದಲು:
ಮಾತು ಕಟುವಾಯಿತು, ತಂಗಿಯವರ ಕ್ಷಮೆ ಕೇಳುತ್ತೇನೆ. ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕ್ಷಮೆ ಕೇಳುವ ಕಾರಣ ನನಗೆ ಕಾಣುತ್ತಿಲ್ಲ.

ತಂಗಿ:
ಅವರು ಹೇಳಿದ್ದು ನಿಜವೇ, ನಮ್ಮ ಮನೆಯವರೇ ಹೇಳಬೇಕಿತ್ತು. ಆ ಮಾತನ್ನು ನಾನು ಹದಿನಾಲ್ಕು ತಿಂಗಳು ದಿನವೂ ನನಗೇ ಹೇಳಿಕೊಂಡಿದ್ದೇನೆ. ಈಗ ನನ್ನ ಹತ್ತಿರ ಎರಡು ಕಡತಗಳಿವೆ. ಆನ್‌ಲೈನ್ ಹೋಗುವುದರಲ್ಲಿ ಬದುಕಿರುವ ಒಬ್ಬರೂ ಇಲ್ಲ, ಹೆಸರು ಕೂಡ ಇಲ್ಲ. ಬದುಕಿರುವವರನ್ನು ತಾನೇ ಸೋಸಿ ತೆಗೆಯುವ ತಂತ್ರಾಂಶದ ಸೌಲಭ್ಯವನ್ನು ನಂಬದೆ, ತೆಗೆದ ಕಡತವನ್ನು ಪಠ್ಯವಾಗಿ ತೆರೆದು ಒಬ್ಬೊಬ್ಬರ ಹೆಸರನ್ನೂ ಹುಡುಕಿ ನೋಡಿದ ಮೇಲೆಯೇ ಮೇಲೆ ಹಾಕುತ್ತೇನೆ. ಹೋದ ತಿಂಗಳು ಅಣ್ಣನೇ ಬಂದು, ಹೆತ್ತವರ ಹೆಸರು ಗೊತ್ತಿದ್ದರೆ ಅದನ್ನೂ ಬರೆ ಎಂದ. ಬರೆದಿದ್ದೇನೆ, ಮನೆಯಲ್ಲಿರುವ ಕಡತದಲ್ಲಿ.

ಆಲದ ನೆರಳು:
ತಂಗಿಯವರೇ, ನಿಮ್ಮ ಅನುಭವ ಓದಿ ಅಮ್ಮನನ್ನೂ ಬದುಕಿರುವ ಉಳಿದವರನ್ನೂ ಪೂರ್ತಿ ಹೊರಗಿಡಲು ನಿರ್ಧರಿಸಿದೆ. ಚಿತ್ರಗಳ ವಿಷಯ ಮಾತ್ರ ಇನ್ನೂ ತಿಳಿಯಲಿಲ್ಲ.

ಸ್ವಂತ ಸರ್ವರ್:
ಸಾಮಾನ್ಯ ಜೆಡ್‌ಕಾಮ್ ಕಡತದೊಳಗೆ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ನಿಮ್ಮ ಕಂಪ್ಯೂಟರಿನ ಫೋಲ್ಡರ್ ಹೆಸರು ಇನ್ನೊಂದು ಕಂಪ್ಯೂಟರಿಗೆ ಅರ್ಥವಾಗದು, ಕೊಂಡಿ ಕಳಚುತ್ತದೆ. ಜೆಡ್‌ಕಾಮ್ 7.0 ಆವೃತ್ತಿಯ ಜೆಡ್‌ಜಿಪ್ ಕಡತ ಚಿತ್ರಗಳನ್ನೂ ಒಟ್ಟಿಗೆ ಕಟ್ಟಿಕೊಡುತ್ತದೆ. ಗ್ರಾಂಪ್ಸ್ ಎಂಬ ವಂಶವೃಕ್ಷ ತಂತ್ರಾಂಶ ಬಳಸುವವರಿಗೆ ಚಿತ್ರಸಹಿತ ಪ್ಯಾಕೇಜ್ ತೆಗೆಯುವ ಸೌಲಭ್ಯವಿದೆ.

ಹಳೆಯ ಕೊಂಡಿ:
ಆ 2,300 ಚಿತ್ರಗಳನ್ನು ಯಾವ ರೂಪದಲ್ಲಿ ಸ್ಕ್ಯಾನ್ ಮಾಡಿದ್ದೀರಿ? ಚಿತ್ರವನ್ನು ಕುಗ್ಗಿಸಿಡುವ ಜೆಪೆಗ್ ಆಗಿದ್ದರೆ ಮೊದಲು, ವಿವರ ಕಳೆಯದೆ ಉಳಿಸುವ ಟಿಫ್ ರೂಪದಲ್ಲಿ ಮತ್ತೆ ಮಾಡಿ. ನಾನು 900 ಚಿತ್ರಗಳನ್ನು ಎರಡನೆಯ ಸಲ ಸ್ಕ್ಯಾನ್ ಮಾಡಿದೆ, ಏಳು ವಾರ ಹಿಡಿಯಿತು.

ಸ್ವಂತ ಸರ್ವರ್:
ಆನ್‌ಲೈನ್ ಮರಕ್ಕೆ ಟಿಫ್ ಹಾಕಿದರೆ ಅಣ್ಣನ ಮಗಳ ಮೊಬೈಲಿನಲ್ಲಿ ತೆರೆಯುವುದೇ ಕಷ್ಟ. ಅವರನ್ನು ಇನ್ನೊಂದು ವರ್ಷ ಸ್ಕ್ಯಾನರಿನ ಮುಂದೆ ಕೂರಿಸಬೇಡಿ.

ಹಳೆಯ ಕೊಂಡಿ:
ಮೂಲ ಪ್ರತಿ ಬೇರೆ, ತೋರಿಸುವ ಪ್ರತಿ ಬೇರೆ. ಜೆಪೆಗ್ ಚಿತ್ರವನ್ನು ತಿದ್ದಿ ಉಳಿಸಿದಷ್ಟು ಸಲವೂ ಸವೆಯುತ್ತದೆ. ನನ್ನ ಅಜ್ಜಿಯ ಇರುವ ಒಂದೇ ಚಿತ್ರದಲ್ಲಿ ಈಗ ಕಣ್ಣುಗಳು ಸ್ಪಷ್ಟವಿಲ್ಲ, ಮೂಲ ಕಾಗದ ಗೆದ್ದಲಿಗೆ ಹೋಯಿತು. ಅದಕ್ಕೇ ಹೇಳುತ್ತಿದ್ದೇನೆ.

ಆಲದ ನೆರಳು:
ಈ ರಾತ್ರಿ 40 ಜನರ ಒಂದು ಪ್ರಯೋಗದ ಕಡತ ಮಾಡಿ, ಗೊತ್ತುಪಡಿಸಿದವರಿಗೆ ಮಾತ್ರ ಕಾಣುವ ಹೊಸ ಮರಕ್ಕೆ ಹಾಕಿದೆ. ಹೆಸರುಗಳೆಲ್ಲ ಕನ್ನಡದಲ್ಲೇ ಬಂದವು. 52 ಚಿತ್ರಗಳಲ್ಲಿ 49 ಬಂದವು. ಬಾರದ ಮೂರರ ಕಡತದ ಹೆಸರೂ ಕನ್ನಡದಲ್ಲಿದೆ. ಫೋಲ್ಡರಿಗೆ ಹೋಗಿ ಹೆಸರು ಬದಲಿಸಲೇ?

ಸ್ವಂತ ಸರ್ವರ್:
ಫೋಲ್ಡರಿನಲ್ಲಿ ಬದಲಿಸಬೇಡಿ, ಕೊಂಡಿ ಕಳಚುತ್ತದೆ. ತಂತ್ರಾಂಶದ ಒಳಗಿನಿಂದಲೇ ಬದಲಿಸಿ, ಆ ಮೂರು ಚಿತ್ರಗಳಿರುವ ಭಾಗವನ್ನಷ್ಟೇ ಮತ್ತೆ ಕಡತವಾಗಿ ತೆಗೆದು ನೋಡಿ. 2,300ರಲ್ಲಿ ಕನ್ನಡ ಹೆಸರಿನವು ಎಷ್ಟಿವೆ ಎಂದು ಮೊದಲೇ ಎಣಿಸಿಕೊಳ್ಳಿ.