ಸಹಾಯ ಬೇಕು: ಅಮ್ಮನ ಜೊತೆ ವೆಲೆನ್ಸಿಯಾಗೆ ಎರಡು ದಿನ, ಎಲ್ಲಿ ಉಳಿಯೋದು?

ನಮಸ್ಕಾರ. ನಾನಿರೋದು ಮ್ಯಾಡ್ರಿಡ್‌ನಲ್ಲಿ. ಹಾಸನದಿಂದ ಅಮ್ಮ ಬಂದಿದ್ದಾರೆ. ಶನಿವಾರ ಬೆಳಗ್ಗೆ ವೆಲೆನ್ಸಿಯಾಗೆ ಹೋಗಿ ಭಾನುವಾರ ಸಂಜೆ ವಾಪಸ್. ವೇಗದ ರೈಲು, ಎರಡು ಗಂಟೆಯೊಳಗೆ ತಲುಪುತ್ತೆ. ಟಿಕೆಟ್ ಆಗಿದೆ, ರೂಮ್ ಆಗಿಲ್ಲ.

ಅಮ್ಮನಿಗೆ ಮಂಡಿನೋವು. ಹತ್ತು ನಿಮಿಷ ನಡೆದರೆ ಎಲ್ಲಾದರೂ ಕೂರಲೇಬೇಕು. "ಸಮುದ್ರದ ನೀರು ಕಾಲಿಗೆ ತಾಗಿದರೆ ಸಾಕು ಕಣೋ" ಅಂತಾರೆ. ಅದಕ್ಕೇ ಮಾಲ್ವರೋಸಾ ಬೀಚ್ ಹತ್ತಿರ ರೂಮ್ ಹುಡುಕಿದೆ. ಆದರೆ ಸೆಂಟ್ರಲ್ ಮಾರ್ಕೆಟ್, ಅದರ ಎದುರಿನ ರೇಷ್ಮೆ ವ್ಯಾಪಾರದ ಹಳೇ ಕಟ್ಟಡ ಲೋನ್ಹಾ, ಎರಡೂ ಇರೋದು ಹಳೇ ಊರಿನಲ್ಲಿ. ಮಾರ್ಕೆಟ್‌ಗೆ ಭಾನುವಾರ ರಜೆ, ಶನಿವಾರ ಮಧ್ಯಾಹ್ನ 3ಕ್ಕೇ ಮುಚ್ಚುತ್ತಾರೆ. ಅದೇ ಸಂಜೆ ಸೂರ್ಯ ಮುಳುಗುವಾಗ ಅಲ್ಬುಫೆರಾ ಕೆರೆಯಲ್ಲಿ ಅಮ್ಮನನ್ನು ದೋಣಿ ಹತ್ತಿಸಬೇಕು ಅಂತ ನನ್ನಾಸೆ. ಸುತ್ತ ಭತ್ತದ ಗದ್ದೆ, ಅವರಿಗೆ ನಮ್ಮೂರೇ ನೆನಪಾಗುತ್ತೆ. ಮೂರು ಸಲ ಪಟ್ಟಿ ಬರೆದು ಹರಿದು ಹಾಕಿದೆ. ಒಂದೇ ದಿನಕ್ಕೆ ಜಾಸ್ತಿ ಆಯ್ತು ಅಲ್ವಾ?

ಊಟದ್ದೂ ಚಿಂತೆ. ಅಲ್ಲಿನ ಪಯೆಯಾ ಅನ್ನೋ ಅನ್ನದ ಅಡುಗೆಗೆ ಕೋಳಿ, ಮೊಲದ ಮಾಂಸ ಹಾಕುತ್ತಾರೆ, ಅಮ್ಮ ಪಕ್ಕಾ ಸಸ್ಯಾಹಾರಿ. ತರಕಾರಿಯದ್ದು ಮಾಡುವ ಎರಡು ಹೋಟೆಲಿಗೆ ಫೋನ್ ಮಾಡಿದೆ. ಅನ್ನ ಬೇಯಿಸುವ ನೀರು ಮಾಂಸದ್ದಾ ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ.

ವಯಸ್ಸಾದವರ ಜೊತೆ ಹೋಗಿಬಂದವರು ಹೇಳಿ: ರೂಮ್ ಹಳೇ ಊರಿನಲ್ಲಿ ಮಾಡಲಾ, ಬೀಚ್ ಹತ್ತಿರ ಮಾಡಲಾ? ಮಾಂಸದ ನೀರು ಹಾಕದ ಪಯೆಯಾ ನೀವು ಎಲ್ಲಿ ತಿಂದಿರಿ?