ಬಹುಮಾನವಾಗಿ ಮಾರ್ಗದರ್ಶನ: ಕಿರುಚಿತ್ರಕಥೆ ಸ್ಪರ್ಧೆಗೆ ಕಳುಹಿಸಬೇಕೇ, ಬೇಡವೇ?

(ಒಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು.)

ಮೊದಲ ಕರಡು

ನಾಲ್ಕು ವರ್ಷಗಳಿಂದ ಚಿತ್ರಕಥೆ ಬರೆಯುತ್ತಿದ್ದೇನೆ. ಬರೆದು ಮುಗಿಸಿದ ಕಿರುಚಿತ್ರಕಥೆಗಳು ಐದಿವೆ. ಒಂದೂ ತೆರೆಗೆ ಬಂದಿಲ್ಲ. ಈಚೆಗೆ ಒಂದು ಸ್ಪರ್ಧೆಯ ಪ್ರಕಟಣೆ ಕಣ್ಣಿಗೆ ಬಿತ್ತು. ಹನ್ನೆರಡು ಪುಟ ಮೀರದ ಚಿತ್ರಕಥೆ ಕಳುಹಿಸಬೇಕು, ಪ್ರವೇಶ ಶುಲ್ಕ ಕಟ್ಟಬೇಕು, ಈವರೆಗೆ ಯಾವ ಬರಹವೂ ಚಿತ್ರವಾಗಿರದವರಿಗೆ ಮಾತ್ರ ಅವಕಾಶ. ಆಯ್ಕೆಯಾದ ಮೂವರಿಗೆ ನಗದು ಇಲ್ಲ. ಮೂರು ತಿಂಗಳು ‘ಅನುಭವಿ ಚಿತ್ರಕಥೆಗಾರರ ಮಾರ್ಗದರ್ಶನ’ ದೊರೆಯುತ್ತದೆ. ನಿಯಮಾವಳಿಯ ಕೊನೆಯಲ್ಲಿ, ಸ್ಪರ್ಧೆಗೆ ಬಂದ ಎಲ್ಲ ಕೃತಿಗಳನ್ನು ಯಾವುದೇ ಮಾಧ್ಯಮದಲ್ಲಿ ಬಳಸಿಕೊಳ್ಳುವ ಹಕ್ಕು ಆಯೋಜಕರಿಗೆ ಇರುತ್ತದೆ ಎಂಬ ಒಂದು ಸಾಲೂ ಇದೆ. ನನ್ನ ಬರಹವನ್ನು ಈವರೆಗೆ ಸ್ನೇಹಿತರು ಮಾತ್ರ ಓದಿದ್ದಾರೆ, ಎಲ್ಲರೂ ಚೆನ್ನಾಗಿದೆ ಎಂದಿದ್ದಾರೆ. ಎಲ್ಲಿ ಚೆನ್ನಾಗಿಲ್ಲ ಎಂದು ಹೇಳುವವರು ಬೇಕಾಗಿದ್ದಾರೆ. ಕಳುಹಿಸಲೇ?

ಒಂಟಿ ದಾರಿ

ಕಳುಹಿಸಬೇಡಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಕಾರಣ ನನ್ನ ಸ್ವಂತ ಅನುಭವ. ಹಲವು ವರ್ಷಗಳ ಹಿಂದೆ ಇಂಥದೇ ಒಂದು ಯೋಜನೆಯಲ್ಲಿ ನನ್ನ ಕಿರುಚಿತ್ರಕಥೆ ಆಯ್ಕೆಯಾಯಿತು. ಮಾತು ಕಡಿಮೆಯಿದ್ದ ಕಥೆ ಅದು. ಇಬ್ಬರು ಅಣ್ಣತಮ್ಮಂದಿರು ಒಂದು ರಾತ್ರಿ ಆಸ್ಪತ್ರೆಯ ಹೊರಗೆ ಕಾಯುತ್ತಾ ಕೂರುವುದಷ್ಟೇ ಅದರ ಹಂದರ. ಮಾರ್ಗದರ್ಶಕರು ದೊಡ್ಡ ಹೆಸರಿನವರು. ಮೊದಲ ಭೇಟಿಯಲ್ಲಿಯೇ ಕೊನೆಗೊಂದು ತಿರುವು ಬೇಕೆಂದರು. ಎರಡನೆಯ ಭೇಟಿಯಲ್ಲಿ ಆ ತಿರುವು ಏನೆಂಬುದನ್ನೂ ಅವರೇ ಹೇಳಿದರು. ಅವರ ಮಾತಿಗೆ ಎದುರಾಡುವ ಧೈರ್ಯ ನನಗಿರಲಿಲ್ಲ. ತಿದ್ದಿ ಮುಗಿಸಿದ ಮೇಲೆ ಓದಿ ನೋಡಿದರೆ ಆ ಅಣ್ಣತಮ್ಮಂದಿರು ನನಗೆ ಪರಿಚಯವೇ ಇಲ್ಲದವರಂತೆ ಕಂಡರು.

ಬರವಣಿಗೆ ಕಲಿಯಲು ಚಿತ್ರೀಕರಣಕ್ಕಿಂತ ಒಳ್ಳೆಯ ಗುರುವಿಲ್ಲ. ಮೊಬೈಲ್ ಇದೆ, ಇಬ್ಬರು ಕಲಾವಿದರು ಸಿಕ್ಕರೆ ಸಾಕು, ಒಂದು ಕೋಣೆ ಸಾಕು. ಶುಲ್ಕಕ್ಕೆಂದು ಇಟ್ಟ ಹಣದಲ್ಲಿ ಅವರಿಗೆ ಊಟ ಹಾಕಿಸಿ, ಐದರಲ್ಲಿ ಒಂದನ್ನು ಚಿತ್ರೀಕರಿಸಿ. ಕಾಗದದ ಮೇಲೆ ಸೊಗಸಾಗಿ ಓದಿಸಿಕೊಂಡ ಸಂಭಾಷಣೆ ಕಲಾವಿದನ ಬಾಯಲ್ಲಿ ತೊಡರುವುದನ್ನು ಒಮ್ಮೆ ಕೇಳಿದರೆ, ಮುಂದೆ ಅಂಥ ಸಾಲನ್ನು ಬರೆಯಲು ಕೈಯೇ ಏಳುವುದಿಲ್ಲ.

ಮೊದಲ ಸುತ್ತಿನ ಓದುಗ

ಇಂಥ ಒಂದು ಸ್ಪರ್ಧೆಗೆ ಎರಡು ವರ್ಷ ಮೊದಲ ಸುತ್ತಿನ ಕೃತಿಗಳನ್ನು ಓದಿದ್ದೇನೆ. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದೆಂದು ತೋರುತ್ತದೆ.

ಲೇಖಕರ ಹೆಸರು ನಮಗೆ ಕಾಣುತ್ತಿರಲಿಲ್ಲ. ಮುಖಪುಟದಲ್ಲಿ ಶೀರ್ಷಿಕೆ ಮತ್ತು ಕ್ರಮಸಂಖ್ಯೆ ಮಾತ್ರ ಇರುತ್ತಿದ್ದವು. ಒಂದೊಂದು ಕೃತಿಯನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿ ಅಂಕ ಕೊಡುತ್ತಿದ್ದೆವು, ಇಬ್ಬರ ಅಂಕಗಳ ನಡುವೆ ಹೆಚ್ಚು ಅಂತರವಿದ್ದರೆ ಮೂರನೆಯವರು ಓದುತ್ತಿದ್ದರು. ತೀರ್ಪುಗಾರರೆಂದು ಪ್ರಕಟಣೆಯಲ್ಲಿ ಹೆಸರಿದ್ದವರ ಕೈಗೆ ಹೋಗುತ್ತಿದ್ದುದು ಕೊನೆಯ ಹತ್ತೋ ಹನ್ನೆರಡೋ ಕೃತಿಗಳು. ಇದರಲ್ಲಿ ತಪ್ಪೇನಿಲ್ಲ, ಆದರೆ ಆ ದೊಡ್ಡ ಹೆಸರಿನವರು ತಮ್ಮ ಕೃತಿಯನ್ನು ಓದುತ್ತಾರೆಂಬ ಆಸೆಯಿಂದಲೇ ಶುಲ್ಕ ಕಟ್ಟುವವರು ಈ ಕ್ರಮವನ್ನು ತಿಳಿದಿರಬೇಕು.

ಬಹಳಷ್ಟು ಕೃತಿಗಳು ಸೋಲುತ್ತಿದ್ದುದು ಒಂದೇ ಕಡೆ. ಕೊರಿಯರ್ ಎಂಬ ಫಾಂಟಿನ ಹನ್ನೆರಡು ಪಾಯಿಂಟ್ ಗಾತ್ರದ ಅಕ್ಷರಗಳ ರೂಢಿಯ ವಿನ್ಯಾಸದಲ್ಲಿ ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಹನ್ನೆರಡು ಪುಟಗಳ ಚಿತ್ರಕಥೆಯಲ್ಲಿ ನಾಯಕಿ ಏಳುವುದು, ಹಲ್ಲುಜ್ಜುವುದು, ಕನ್ನಡಿ ನೋಡಿಕೊಳ್ಳುವುದು, ಕಿಟಕಿಯ ಹೊರಗೆ ದಿಟ್ಟಿಸುವುದು ಮೂರು ಪುಟ ನಡೆದರೆ ಚಿತ್ರದ ಕಾಲು ಭಾಗ ಮುಗಿದಿರುತ್ತದೆ, ಕಥೆ ಇನ್ನೂ ಶುರುವಾಗಿರುವುದಿಲ್ಲ. ಇನ್ನೊಂದು ದೋಷ, ಕ್ಯಾಮೆರಾಕ್ಕೆ ಕಾಣದ್ದನ್ನು ಬರೆಯುವುದು. ‘ಅವಳಿಗೆ ತನ್ನ ತಂದೆ ಎಂದೂ ಕ್ಷಮೆ ಕೇಳದಿದ್ದುದು ನೆನಪಾಗುತ್ತದೆ’ ಎಂಬುದು ಸಣ್ಣಕಥೆಯಲ್ಲಿ ಒಳ್ಳೆಯ ವಾಕ್ಯವೇ ಇರಬಹುದು. ಅದನ್ನು ನಿರ್ದೇಶಕ ಯಾವ ಶಾಟ್‌ನಲ್ಲಿ ತೆಗೆಯಬೇಕು?

ನನಗೆ ನೋವಾಗುತ್ತಿದ್ದುದು ಬೇರೆ ವಿಷಯಕ್ಕೆ. ಈ ದೋಷಗಳನ್ನು ನಾನು ಅಂಕಪಟ್ಟಿಯಲ್ಲಿ ಎರಡು ಮೂರು ಸಾಲು ಬರೆದಿಡುತ್ತಿದ್ದೆ, ಆದರೆ ಆ ಸಾಲುಗಳು ಬರೆದವರಿಗೆ ಎಂದೂ ತಲುಪುತ್ತಿರಲಿಲ್ಲ. ಸೋತವರಿಗೆ ಹೋಗುತ್ತಿದ್ದುದು ಒಂದೇ ಒಕ್ಕಣೆಯ ವಂದನಾಪತ್ರ. ಮಾರ್ಗದರ್ಶನವೇ ತಮ್ಮ ಉದ್ದೇಶವೆನ್ನುವ ಸ್ಪರ್ಧೆ, ಶುಲ್ಕ ಕಟ್ಟಿದ ಪ್ರತಿಯೊಬ್ಬರಿಗೂ ಆ ಎರಡು ಸಾಲುಗಳನ್ನಾದರೂ ಕಳುಹಿಸಬೇಕು. ಮೊದಲ ಕರಡು ಅವರೇ, ನಿಮ್ಮ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲು ವಿಚಾರಿಸಿ.

ಎರಡನೆಯ ಕರಡು

ಒಂಟಿ ದಾರಿ ಅವರಿಗೆ ಆದದ್ದು ನಿಜವಾಗಿಯೂ ಬೇಸರದ ಸಂಗತಿ. ಆದರೆ ಅವರಿಗೆ ಸಿಕ್ಕಿದ್ದು ಮಾರ್ಗದರ್ಶನವೆಂದು ನನಗನ್ನಿಸುವುದಿಲ್ಲ. ಬೇರೊಬ್ಬರು ಅವರ ಕೈಯಿಂದ ತಮ್ಮ ಕಥೆ ಬರೆಸಿಕೊಂಡರು. ನನ್ನ ಅನುಭವ ಬೇರೆ ರೀತಿಯದು.

ನಾನು ಹದಿನಾಲ್ಕು ಪುಟಗಳ ಒಂದು ಚಿತ್ರಕಥೆ ಬರೆದಿದ್ದೆ. ತೀರಿಕೊಂಡ ತಾಯಿಯ ಹೊಲಿಗೆ ಯಂತ್ರವನ್ನು ಮಗಳು ಮಾರಲು ಹೊರಟಿದ್ದಾಳೆ, ಕೊಳ್ಳುವವನು ಮನೆಗೆ ಬಂದಿದ್ದಾನೆ. ತಾಯಿ ಆ ಯಂತ್ರದಿಂದ ಮನೆ ನಡೆಸಿದ್ದು, ಮಗಳು ಓದಲು ದೂರ ಹೋದದ್ದು, ಕೊನೆಯ ದಿನಗಳಲ್ಲಿ ಬರಲಾಗದೆ ಹೋದದ್ದು, ಇವೆಲ್ಲವನ್ನೂ ಮಗಳು ಕೊಳ್ಳುವವನಿಗೆ ನಾಲ್ಕು ಪುಟ ಹೇಳುತ್ತಾಳೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು. ಮಾರ್ಗದರ್ಶಕಿ ಅದನ್ನು ಓದಿದ ಮೇಲೆ ಮೆಚ್ಚಲೂ ಇಲ್ಲ, ತೆಗಳಲೂ ಇಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಂತ್ರದ ಸೂಜಿಯಲ್ಲಿ ದಾರ ಇನ್ನೂ ಇದೆಯೇ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಯಂತ್ರವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮನೆಗೆ ಬಂದು ಒಂದು ವಾರ ಆ ಪ್ರಶ್ನೆಯ ಜೊತೆಗೇ ಇದ್ದೆ. ಮುಂದಿನ ಕರಡಿನಲ್ಲಿ ಕೊಳ್ಳುವವನು ಯಂತ್ರ ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಲು ಕೂರುತ್ತಾನೆ. ಸೂಜಿಯಲ್ಲಿದ್ದ ನೀಲಿ ದಾರವನ್ನು ಎಳೆದು ತೆಗೆಯಲು ಕೈ ಹಾಕುತ್ತಾನೆ. ಅಲ್ಲಿಯವರೆಗೆ ಬೆಲೆಯ ಮಾತಾಡುತ್ತಿದ್ದ ಮಗಳು ಅವನ ಮಣಿಕಟ್ಟು ಹಿಡಿದುಬಿಡುತ್ತಾಳೆ. ಅವಳು ಏನನ್ನೂ ಹೇಳುವುದಿಲ್ಲ. ನಾಲ್ಕು ಪುಟಗಳ ಮಾತು ಹೋಗಿ ಅರ್ಧ ಪುಟವಾಯಿತು, ಇಡೀ ಚಿತ್ರಕಥೆ ಒಂಬತ್ತು ಪುಟಕ್ಕೆ ಇಳಿಯಿತು. ನೀಲಿ ಬಣ್ಣವನ್ನಾಗಲೀ ಮಣಿಕಟ್ಟು ಹಿಡಿಯುವುದನ್ನಾಗಲೀ ಅವರು ಹೇಳಿಕೊಟ್ಟಿರಲಿಲ್ಲ.

ನನಗೆ ಸಿಕ್ಕ ಅವಧಿ ಎರಡು ತಿಂಗಳು ಮಾತ್ರ. ಅಷ್ಟರಲ್ಲಿ ಅವರು ನನ್ನ ಮೂರು ಕರಡುಗಳನ್ನು ಓದಿದರು. ಮೂರನೆಯದನ್ನು ಓದುವಾಗ ಮೊದಲನೆಯದು ಅವರಿಗೆ ನೆನಪಿತ್ತು ಎಂಬುದೇ ನನಗೆ ದೊಡ್ಡ ಸಂಗತಿ. ಒಮ್ಮೆ ಓದಿ ಅಭಿಪ್ರಾಯ ಹೇಳುವವರು ಎಲ್ಲ ಕಡೆ ಸಿಗುತ್ತಾರೆ, ಆದರೆ ನಿಮ್ಮ ಬರಹ ಬದಲಾಗುವುದನ್ನು ಜೊತೆಗಿದ್ದು ನೋಡುವವರು ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಆಯೋಜಕರನ್ನು ನೀವು ಕೇಳಬೇಕಾದದ್ದು ಎಷ್ಟು ತಿಂಗಳು ಎಂದಲ್ಲ, ಎಷ್ಟು ಕರಡು ಎಂದು.

ಸಂಕಲನದ ಮೇಜು

ನಾನು ಸಂಕಲನಕಾರ, ಬರಹಗಾರನಲ್ಲ; ಒಂದು ಮಾತು ಮಾತ್ರ ಸೇರಿಸುತ್ತೇನೆ. ನನ್ನ ಮೇಜಿಗೆ ಬರುವ ಕಿರುಚಿತ್ರಗಳಲ್ಲಿ ನಾನು ಮೊದಲು ಕತ್ತರಿಸುವುದು ಹೊಲಿಗೆ ಯಂತ್ರದ ಕಥೆಯಲ್ಲಿದ್ದಂಥ ಆ ನಾಲ್ಕು ಪುಟಗಳನ್ನೇ. ಅಷ್ಟು ಹೊತ್ತಿಗೆ ಕಲಾವಿದೆ ಅದನ್ನು ಬಾಯಿಪಾಠ ಮಾಡಿರುತ್ತಾಳೆ, ಬೆಳಕು ಹೊಂದಿಸಲು ಅರ್ಧ ದಿನ ಹೋಗಿರುತ್ತದೆ, ನಿರ್ದೇಶಕರಿಗೆ ಆ ದೃಶ್ಯದ ಮೇಲೆ ಮೋಹ ಬೆಳೆದಿರುತ್ತದೆ. ಕಾಗದದ ಮೇಲೆ ಕತ್ತರಿಸುವುದಕ್ಕೆ ಖರ್ಚಿಲ್ಲ. ಚಿತ್ರೀಕರಿಸಿಯೇ ಕಲಿಯಬೇಕೆಂಬ ಒಂಟಿ ದಾರಿ ಅವರ ಮಾತನ್ನು ನಾನು ಗೌರವಿಸುತ್ತೇನೆ, ಆದರೆ ಆ ಪಾಠದ ಬೆಲೆಯನ್ನು ಬರಹಗಾರನೊಬ್ಬನೇ ತೆರುವುದಿಲ್ಲ, ತಂಡದ ಎಲ್ಲರೂ ತೆರುತ್ತಾರೆ.

ಷರತ್ತು ಓದುವವಳು

ಎಲ್ಲರೂ ಮಾರ್ಗದರ್ಶನದ ಬಗ್ಗೆಯೇ ಮಾತನಾಡುತ್ತಿದ್ದೀರಿ, ನಿಯಮಾವಳಿಯ ಆ ಕೊನೆಯ ಸಾಲನ್ನು ಯಾರೂ ಮುಟ್ಟಿಲ್ಲ. ಬರಹಗಾರರ ಒಪ್ಪಂದಗಳನ್ನು ಓದುವುದು ನನ್ನ ಕೆಲಸ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಬರೆದ ಚಿತ್ರಕಥೆಯ ಹಕ್ಕು ಬರೆದ ಕ್ಷಣದಿಂದ ಬರೆದವರದು. ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಈ ರಕ್ಷಣೆಗೆ ನೋಂದಣಿ ಕಡ್ಡಾಯವಲ್ಲ. 1908ರ ಪರಿಷ್ಕರಣೆಯಿಂದ ಆ ತತ್ವ ಗಟ್ಟಿಯಾಗಿ ನೆಲೆಗೊಂಡಿದೆ. 1928ರಲ್ಲಿ ಸೇರಿದ ವಿಧಿಯೊಂದು, ಆರ್ಥಿಕ ಹಕ್ಕನ್ನು ಬಿಟ್ಟುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಧಕ್ಕೆ ತರುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ನೈತಿಕ ಹಕ್ಕನ್ನು ಲೇಖಕರಿಗೆ ಕೊಡುತ್ತದೆ. ಆದರೆ ಒಂದನ್ನು ಮರೆಯಬಾರದು: ರಕ್ಷಣೆ ಇರುವುದು ನೀವು ಬರೆದ ರೂಪಕ್ಕೆ, ಅದರ ಹಿಂದಿನ ಬರಿಯ ಕಲ್ಪನೆಗಲ್ಲ. ತಾಯಿಯ ಹೊಲಿಗೆ ಯಂತ್ರವನ್ನು ಮಗಳು ಮಾರುತ್ತಾಳೆ ಎಂಬಷ್ಟು ಯಾರ ಸ್ವತ್ತೂ ಅಲ್ಲ. ಆ ಒಂಬತ್ತು ಪುಟಗಳು ಎರಡನೆಯ ಕರಡು ಅವರ ಸ್ವತ್ತು. ಆದ್ದರಿಂದ ಕಳುಹಿಸುವ ಮೊದಲು ದಿನಾಂಕ ಸಹಿತ ಪ್ರತಿಯನ್ನು ಇಟ್ಟುಕೊಳ್ಳಿ, ಕಳುಹಿಸಿದ ಇಮೇಲನ್ನು ಅಳಿಸಬೇಡಿ. ನಿಮ್ಮಲ್ಲಿ ಬರಹಗಾರರ ಸಂಘದ ನೋಂದಣಿ ವ್ಯವಸ್ಥೆಯಿದ್ದರೆ ಅದನ್ನೂ ಬಳಸಿಕೊಳ್ಳಿ. ನೋಂದಣಿ ಹಕ್ಕನ್ನು ಹುಟ್ಟಿಸುವುದಿಲ್ಲ, ಆದರೆ ಯಾವ ದಿನ ಏನು ಬರೆದಿದ್ದಿರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಈಗ ಆ ಸಾಲಿಗೆ ಬರೋಣ. ಗೆದ್ದವರ ಕೃತಿಯ ಬಗ್ಗೆ ಮುಂದೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುತ್ತೇವೆ ಎಂದಿದ್ದರೆ ಅದು ಸಹಜ. ಬಂದ ಎಲ್ಲ ಕೃತಿಗಳನ್ನೂ, ಸೋತವರದನ್ನೂ ಸೇರಿಸಿ, ಅವಧಿಯಿಲ್ಲದೆ, ಹಣದ ಮಾತಿಲ್ಲದೆ ಬಳಸುತ್ತೇವೆ ಎನ್ನುವುದು ಒಪ್ಪುವಂಥದ್ದಲ್ಲ. ಹಾಗೆ ಬರೆದವರೆಲ್ಲರ ಮನಸ್ಸಿನಲ್ಲೂ ದುರುದ್ದೇಶವಿರುತ್ತದೆ ಎಂದು ನಾನು ಹೇಳಲಾರೆ; ಎಷ್ಟೋ ಆಯೋಜಕರು ಬೇರೆಲ್ಲಿಂದಲೋ ನಿಯಮಾವಳಿಯನ್ನು ಎತ್ತಿ ಹಾಕಿಕೊಂಡಿರುತ್ತಾರೆ. ಆದರೆ ನಾಳೆ ನಿಮ್ಮ ಕಥೆಯನ್ನು ಒಬ್ಬ ನಿರ್ಮಾಪಕರು ಕೇಳಿದಾಗ, ಇದರ ಹಕ್ಕು ಪೂರ್ತಿಯಾಗಿ ನಿಮ್ಮಲ್ಲಿದೆಯೇ ಎಂಬ ಪ್ರಶ್ನೆಗೆ ಹೌದೆಂದು ಉತ್ತರಿಸಲು ಆ ಒಂದು ಸಾಲು ಬಿಡುವುದಿಲ್ಲ.

ಒಂಟಿ ದಾರಿ

ಸೂಜಿಯ ದಾರದ ಪ್ರಸಂಗ ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಸಡಿಲಿಸಬೇಕಾಗಿದೆ. ನನಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆದರೂ ಒಂದು ಸಂದೇಹ ಉಳಿದಿದೆ. ಮಾರ್ಗದರ್ಶಕರು ಪ್ರಶ್ನೆ ಕೇಳುತ್ತಾ ಕೇಳುತ್ತಾ ಒಂದು ದೃಶ್ಯವನ್ನೇ ಸೂಚಿಸಿಬಿಟ್ಟರೆ, ಆಮೇಲೆ ತಮ್ಮ ಹೆಸರೂ ಬರಬೇಕೆಂದು ಕೇಳಿದರೆ ಹೊಸಬರು ಏನು ಮಾಡಬೇಕು? ನನ್ನ ವಿಷಯದಲ್ಲಿ ಅದೂ ನಡೆಯಿತು.

ಷರತ್ತು ಓದುವವಳು

ಅದನ್ನು ಮೊದಲೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಸಲಹೆ ಕೊಟ್ಟ ಮಾತ್ರಕ್ಕೆ ಸಹಲೇಖಕರಾಗುವುದಿಲ್ಲ, ಪುಟಗಳನ್ನು ಬರೆದುಕೊಟ್ಟರೆ ಪ್ರಶ್ನೆ ಬೇರೆ. ‘ಮಾರ್ಗದರ್ಶನದ ಅವಧಿಯಲ್ಲಿ ನೀಡಿದ ಸಲಹೆಗಳಿಂದ ಮಾರ್ಗದರ್ಶಕರಿಗೆ ಕೃತಿಯ ಮೇಲೆ ಯಾವ ಹಕ್ಕೂ ಉಂಟಾಗುವುದಿಲ್ಲ’ ಎಂಬ ಒಂದೇ ವಾಕ್ಯ ಸಾಕು. ಪ್ರಾಮಾಣಿಕ ಮಾರ್ಗದರ್ಶಕರು ಅದಕ್ಕೆ ಸಹಿ ಹಾಕಲು ಹಿಂಜರಿಯುವುದಿಲ್ಲ.

ಮೊದಲ ಸುತ್ತಿನ ಓದುಗ

ಹೆಸರಾಂತ ಯೋಜನೆಗಳು ಈ ಕೆಲಸವನ್ನು ಹೇಗೆ ಮಾಡುತ್ತವೆ ಎಂಬುದನ್ನೂ ನೋಡಬಹುದು. ಸ್ವತಂತ್ರ ಚಿತ್ರಕರ್ಮಿಗಳ ನೆರವಿಗೆಂದು 1981ರಲ್ಲಿ ಅಮೆರಿಕದಲ್ಲಿ ಆರಂಭವಾದ ಸನ್‌ಡಾನ್ಸ್ ಸಂಸ್ಥೆಯ ಚಿತ್ರಕಥಾ ಶಿಬಿರದಲ್ಲಿ ಹಲವು ಸಲಹೆಗಾರರು ಒಬ್ಬೊಬ್ಬ ಬರಹಗಾರರೊಂದಿಗೆ ಪ್ರತ್ಯೇಕವಾಗಿ ಕುಳಿತು ಮಾತನಾಡುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ವಿರುದ್ಧವಾದಾಗ, ಯಾವುದು ತನ್ನ ಕಥೆಗೆ ಹೊಂದುತ್ತದೆಂದು ಬರಹಗಾರರೇ ನಿರ್ಧರಿಸಬೇಕಾಗುತ್ತದೆ. ಒಂಟಿ ದಾರಿ ಅವರಿಗೆ ಆದಂಥ ಅನಾಹುತಕ್ಕೆ ಅಲ್ಲಿ ಎಡೆ ಕಡಿಮೆ. ಆಸ್ಕರ್ ಪ್ರಶಸ್ತಿ ಕೊಡುವ ಅಮೆರಿಕದ ಅಕಾಡೆಮಿಯು 1986ರಲ್ಲಿ ಮೊದಲುಮಾಡಿದ ನಿಕೋಲ್ ಫೆಲೋಶಿಪ್ ಪೂರ್ಣಪ್ರಮಾಣದ ಚಿತ್ರಕಥೆಗಳಿಗೆ ಸಂಬಂಧಿಸಿದ್ದು. ಗೆದ್ದವರು ಫೆಲೋಶಿಪ್ಪಿನ ವರ್ಷದೊಳಗೆ ಹೊಸದೊಂದು ಚಿತ್ರಕಥೆಯನ್ನು ಬರೆದು ಮುಗಿಸಬೇಕೆಂದು ಅದು ನಿರೀಕ್ಷಿಸುತ್ತದೆ. ಗೆದ್ದ ಕೃತಿಗಿಂತ ಮುಂದೆ ಬರೆಯುವ ಕೃತಿಯ ಮೇಲೆ ಗಮನವಿಡುವ ಈ ಕ್ರಮ ನನಗೆ ಬಹಳ ಇಷ್ಟ. ನಿಮ್ಮ ಸ್ಪರ್ಧೆ ಚಿಕ್ಕದಿರಬಹುದು, ಆದರೆ ಇಬ್ಬರು ಓದುಗರನ್ನು ಕೊಡುವುದಕ್ಕೂ ಇನ್ನೊಂದು ಕಥೆ ಬರೆಸುವುದಕ್ಕೂ ದೊಡ್ಡ ಹಣ ಬೇಕಿಲ್ಲ.

ಮೊದಲ ಕರಡು

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಮುಂದಿಟ್ಟುಕೊಂಡು ಆಯೋಜಕರಿಗೆ ನಾಲ್ಕು ಪ್ರಶ್ನೆ ಕಳುಹಿಸಿದ್ದೆ, ಇಂದು ಉತ್ತರ ಬಂದಿದೆ. ಮಾರ್ಗದರ್ಶಕರು ಎರಡು ಕರಡುಗಳನ್ನು ಓದಿ, ಪ್ರತಿಯೊಂದರ ನಂತರ ಒಂದು ಗಂಟೆ ಮಾತನಾಡುತ್ತಾರಂತೆ. ಆಯ್ಕೆಯಾಗದವರಿಗೆ ಅಭಿಪ್ರಾಯ ಕಳುಹಿಸುವ ವ್ಯವಸ್ಥೆ ಈ ವರ್ಷ ಇಲ್ಲ. ಮಾರ್ಗದರ್ಶಕರಿಗೆ ಹಕ್ಕಿಲ್ಲವೆಂಬ ವಾಕ್ಯವನ್ನು ಸೇರಿಸಲು ಒಪ್ಪಿದ್ದಾರೆ. ಹಕ್ಕಿನ ಸಾಲು ಆಯ್ಕೆಯಾದ ಮೂರು ಕೃತಿಗಳಿಗೆ ಮಾತ್ರ ಅನ್ವಯಿಸುತ್ತದೆ, ಅದೂ ಪ್ರತ್ಯೇಕ ಒಪ್ಪಂದದ ನಂತರ ಎಂದು ಇಮೇಲಿನಲ್ಲಿ ಬರೆದಿದ್ದಾರೆ, ಆದರೆ ಪ್ರಕಟಣೆಯಲ್ಲಿ ಹಳೆಯ ಸಾಲೇ ಉಳಿದಿದೆ.

ಷರತ್ತು ಓದುವವಳು

ಇಮೇಲ್ ಒಳ್ಳೆಯ ಸೂಚನೆಯೇ, ಆದರೆ ನೀವು ಒಪ್ಪಿಗೆಯ ಗುರುತು ಹಾಕುವುದು ಪ್ರಕಟಿತ ನಿಯಮಾವಳಿಗೆ. ಅದನ್ನು ತಿದ್ದಿ ಪ್ರಕಟಿಸುವಂತೆ ಕೇಳಿ. ಉಳಿದ ಸ್ಪರ್ಧಿಗಳಿಗೂ ಅದರಿಂದ ಉಪಕಾರವಾಗುತ್ತದೆ.

ಮೊದಲ ಕರಡು

ಈಗಷ್ಟೇ ಬರೆದು ಕಳುಹಿಸಿದೆ. ಕೊನೆಯ ದಿನಾಂಕಕ್ಕೆ ಇನ್ನೂ ಹನ್ನೊಂದು ದಿನಗಳಿವೆ. ಅವರು ತಿದ್ದಿದರೆ ಕಳುಹಿಸುತ್ತೇನೆ, ತಿದ್ದದಿದ್ದರೆ ಇಲ್ಲ. ಅಲ್ಲಿಯವರೆಗೆ ನನ್ನ ಮೊದಲ ಮೂರು ಪುಟಗಳನ್ನು ಮತ್ತೆ ಓದುತ್ತಿದ್ದೇನೆ. ನನ್ನ ನಾಯಕಿಯೂ ಕನ್ನಡಿಯ ಮುಂದೆ ನಿಂತಿದ್ದಾಳೆ.